ರಜೆ ಹಾಕದ ಇಬ್ಬರು

ಫೋಟೋಗ್ರಾಫರ್ ನನ್ನನ್ನು ಸೋಫಾದಿಂದ ಏಳಿ ಎಂದನೋ, ಅವನ ಕ್ಯಾಮೆರಾ ನನ್ನ ಗೆಳೆಯನ ಕಡೆ ತಿರುಗಿದ್ದನ್ನು ನೋಡಿ ನಾನೇ ಎದ್ದೆನೋ, ಈಗ ಹೇಳಲಾರೆ. ನೆನಪಿನಲ್ಲಿ ಎರಡೂ ಇವೆ. ಮೊದಲನೆಯದರಲ್ಲಿ ನನಗೆ ಅನ್ಯಾಯವಾಗಿದೆ, ಎರಡನೆಯದರಲ್ಲಿ ನನಗೆ ಸ್ವಾಭಿಮಾನವಿದೆ. ಎರಡೂ ನನಗೆ ಅನುಕೂಲವಾಗಿರುವುದರಿಂದ ಎರಡನ್ನೂ ನಂಬುವುದಿಲ್ಲ. ನಾನು ಎದ್ದದ್ದು ನಿಜ. ಮರುವಾರ ಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ನಮ್ಮ ಮನೆಯ ಪರದೆ ಇತ್ತು, ನಮ್ಮ ಸೋಫಾ ಇತ್ತು, ಅದರ ಮೇಲೆ ಅವನಿದ್ದ.

ನಾವಿಬ್ಬರೂ ಲಿಂಕೋಪಿಂಗಿನ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆವು. ನಾನು ಬೆಂಗಳೂರಿನವನು, ಅವನು ಕರಾವಳಿಯ ಮುಸ್ಲಿಂ ಹುಡುಗ. ಹುಡುಗ ಎಂದರೆ ನನಗಿಂತ ಎರಡು ವರ್ಷ ಚಿಕ್ಕವನು, ಅಷ್ಟೆ. ಇಬ್ಬರ ವರ್ಕ್ ಪರ್ಮಿಟ್ ನವೀಕರಣವೂ ಒಂದೇ ತಿಂಗಳಲ್ಲಿ ತಿರಸ್ಕಾರವಾಯಿತು. ಇಬ್ಬರಿಗೂ ಒಂದೇ ಕಾರಣ: ನಾವು ಸಾಕಷ್ಟು ರಜೆ ಹಾಕಿರಲಿಲ್ಲ.

ಇದನ್ನು ಬೆಂಗಳೂರಿನಲ್ಲಿ ಹೇಳಿದರೆ ಇವತ್ತಿಗೂ ಜನ ನಗುತ್ತಾರೆ. ಜುಲೈಯಲ್ಲಿ ಸ್ವೀಡನ್ನಿನ ಆಫೀಸುಗಳು ಸತ್ತು ಬಿದ್ದಿರುತ್ತವೆ. ಎಲ್ಲರೂ ಸರೋವರದ ದಡದ ಮರದ ಮನೆಗಳಿಗೆ ಹೋಗಿ ಫೋನ್ ಆರಿಸಿಬಿಡುತ್ತಾರೆ. ನಾವಿಬ್ಬರು ಖಾಲಿ ಆಫೀಸಿನಲ್ಲಿ ಕೂತು ಎಲ್ಲರ ಕೆಲಸವನ್ನೂ ಎಳೆದುಕೊಂಡು ಮಾಡುತ್ತಿದ್ದೆವು. ಬೆಂಗಳೂರಿನ ಮ್ಯಾನೇಜರುಗಳ ಕೈಯಲ್ಲಿ ತಯಾರಾದ ನಮಗೆ ರಜೆ ಹಾಕದಿರುವುದೇ ಯೋಗ್ಯತೆ. ಉಳಿಸಿದ ರಜೆಯನ್ನೆಲ್ಲ ಒಟ್ಟುಗೂಡಿಸಿ ಮುಂದಿನ ವರ್ಷ ಊರಿಗೆ ಉದ್ದಕ್ಕೆ ಹೋಗಿಬರುವುದು ನಮ್ಮ ಲೆಕ್ಕ. ಅವನಿಗೆ ತಂಗಿಯ ಮದುವೆ ಇತ್ತು, ನನಗೆ ಹೊಸ ಮನೆಯ ಗೃಹಪ್ರವೇಶ. ಬಾಸ್ ಬೆನ್ನು ತಟ್ಟಿದರು. ಪ್ರತಿ ವರ್ಷ ಇಷ್ಟು ರಜೆ ಕೊಡಲೇಬೇಕು, ಕೊಡದಿದ್ದರೆ ಪರ್ಮಿಟ್ಟಿನ ಷರತ್ತು ಮುರಿದಂತೆ ಎಂಬುದು ಬಾಸಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ತಪ್ಪು ಕಂಪನಿಯದು, ಶಿಕ್ಷೆ ನಮ್ಮದು. ಎಚ್‌ಆರ್‌ನ ಹೆಂಗಸು ಫಿಕಾ ಹೊತ್ತಿನಲ್ಲಿ, ಕಾಫಿ ಮತ್ತು ದಾಲ್ಚಿನ್ನಿ ಬನ್ನಿನ ನಡುವೆ, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು: “ನಿಮ್ಮಿಬ್ಬರಿಂದ ನಾವು ತುಂಬ ಕಲಿತೆವು.”

ಆ ವರ್ಷಗಳಲ್ಲಿ ನಾನು ಬೆಂಗಳೂರಿನ ಒಂದು ಕನ್ನಡ ವೆಬ್‌ಸೈಟಿಗೆ ಅಮೆರಿಕದ ರಾಜಕೀಯದ ಬಗ್ಗೆ ಅಂಕಣ ಬರೆಯುತ್ತಿದ್ದೆ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಅಲ್ಲಿನ ಬಲಪಂಥೀಯ ರೇಡಿಯೋ ಕೇಳುವುದು, ವಾರಾಂತ್ಯದಲ್ಲಿ ಬರೆಯುವುದು. ಸ್ವೀಡನ್ನಿನಲ್ಲಿ ಕೂತು ಅಮೆರಿಕವನ್ನು ತಿದ್ದುವ ಕನ್ನಡಿಗ ಎಂದು ಗೇಲಿ ಮಾಡುವವರು ಮಾಡುತ್ತಿದ್ದರು. ಆದರೆ ನನ್ನ ಮಾತು ಸರಳವಾಗಿತ್ತು, ಈಗಲೂ ಅದೇ. ಹಕ್ಕಿಲ್ಲದೆ ಗಡಿ ದಾಟಿ ಬಂದವರನ್ನು ವಾಪಸ್ ಕಳಿಸಬೇಕು. ಸರ್ಕಾರ ಒಂದು ಮಿತಿ ದಾಟಿ ಬೆಳೆದರೆ ಅದರೊಳಗೆ ಮನುಷ್ಯರಿರುವುದಿಲ್ಲ, ವಿಭಾಗಗಳಿರುತ್ತವೆ. ವಿಭಾಗಕ್ಕೆ ತಪ್ಪು ಮಾಡುವ ಶಕ್ತಿ ಇದೆ, ನಾಚಿಕೊಳ್ಳುವ ಶಕ್ತಿ ಇಲ್ಲ. ದೊಡ್ಡ ಪತ್ರಿಕೆಗಳು ಅದರ ತಪ್ಪುಗಳಲ್ಲಿ ತಮಗೆ ಬೇಕಾದವನ್ನು ಮಾತ್ರ ನೋಡುತ್ತವೆ. ಆ ವರ್ಷ ಅಮೆರಿಕದ ಚುನಾವಣೆಯಲ್ಲಿ, ಗಡಿಗೆ ಗೋಡೆ ಕಟ್ಟುತ್ತೇನೆಂದವನು, ಗೆಲ್ಲುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದವನು, ಗೆದ್ದ. ಪತ್ರಿಕೆಗಳ ಅಂದಾಜು ಮಣ್ಣಾಯಿತು. ನನಗೆ ಓದುಗರು ಹೆಚ್ಚಾದರು.

ತಿರಸ್ಕಾರದ ಸುದ್ದಿ ಬಂದ ವಾರವೇ ಕನ್ನಡದವರ ಶನಿವಾರದ ಊಟ ಇತ್ತು. ಯಾರದೋ ಮನೆಯ ಬಿಸಿಬೇಳೆಬಾತಿನ ಮುಂದೆ ನನ್ನನ್ನು ಕೂರಿಸಿಕೊಂಡರು.

“ಏನ್ ಗುರು, ರೂಲ್ಸ್ ಅಂದ್ರೆ ರೂಲ್ಸ್ ಅಂತ ನೀನೇ ಬರ್ದಿದ್ದೆ. ಈಗ ಖುಷಿನಾ?”

“ಇವನಿಗೆ ಗೋಡೆ ಕಟ್ಟೋ ಖರ್ಚೂ ಇಲ್ಲ ಬಿಡಪ್ಪ, ಬಾಲ್ಟಿಕ್ ಸಮುದ್ರನೇ ಇದೆ.”

“ಹೋಗೋ ಮುಂಚೆ ಒಂದು ಆರ್ಟಿಕಲ್ ಬರಿ. ‘ನನ್ನನ್ನು ಓಡಿಸಿದ್ದು ಸರಿ’ ಅಂತ.”

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಅವಳ ನಗು ಉಳಿದವರ ನಗು ನಿಂತ ಮೇಲೂ ಸ್ವಲ್ಪ ಹೊತ್ತು ಇತ್ತು. ಅವಳಿಗೆ ಎರಡು ತಿಂಗಳ ಹಿಂದಷ್ಟೇ ಒಂದು ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಕಾಯಂ ಕೆಲಸ ಸಿಕ್ಕಿತ್ತು. ನಾಲ್ಕು ವರ್ಷ ಸ್ವೀಡಿಷ್ ಕಲಿತು, ಮೂರು ಕಡೆ ಬೇಡವೆನಿಸಿಕೊಂಡು, ಸಿಕ್ಕ ಕೆಲಸ. ಅವಳ ಪರ್ಮಿಟ್ ನನ್ನ ಪರ್ಮಿಟ್ಟಿಗೆ ಅಂಟಿಕೊಂಡಿತ್ತು. ನಾನು ಹೋದರೆ ಅವಳೂ, ದಾಗಿಸ್‌ಗೆ ಹೋಗುವ ನಮ್ಮ ಮಗಳೂ ಹೋಗಬೇಕು.

ಗೆಳೆಯ ನಮ್ಮನ್ನು ತನ್ನ ಕಾರಿನಲ್ಲಿ ಮನೆಗೆ ಬಿಟ್ಟ. ದಾರಿಯಲ್ಲಿ ಹೇಳಿದ, “ನೀನು ಬರೆದದ್ದು ಸರಿ ಉಂಟು ಮಾರಾಯ. ಸುಳ್ಳು ಹೇಳಿ ಬಂದವರನ್ನೆಲ್ಲ ಒಂದೇ ವಿಮಾನದಲ್ಲಿ ತುಂಬಿಸಿ ಕಳಿಸ್ಬೇಕು. ನಿನಗಿಂತ ಜೋರಾಗಿ ಬರೀತಿದ್ದೆ ನಾನಾದ್ರೆ.”

“ಬರಿ ಮತ್ತೆ.”

“ನನ್ನ ಗಡ್ಡ ನೋಡಿದ್ಯಾ? ನಾನು ಹೇಳ್ಲಿಕ್ಕೆ ಆಗ್ತದಾ? ನಿನಗೆ ಬಾಯಿ ಬಿಡುವ ಸೌಕರ್ಯ ಉಂಟು.”

ನಮ್ಮಿಬ್ಬರಿಗೂ ಒಬ್ಬನೇ ವಕೀಲ. ಮೇಲ್ಮನವಿ ಹಾಕಿಯಾಗಿತ್ತು. ಸ್ಥಳೀಯ ಪತ್ರಿಕೆಯೊಂದು ನಮ್ಮ ಕಥೆ ಬರೆಯಲು ಕೇಳಿದಾಗ ವಕೀಲ, “ಒಪ್ಪಿಕೊಳ್ಳಿ. ಊರು ಮಾತಾಡಿದರೆ ಕಂಪನಿ ಎಚ್ಚರವಾಗುತ್ತದೆ, ತಪ್ಪು ತನ್ನದೆಂದು ಕಂಪನಿ ಬರೆದುಕೊಟ್ಟರೆ ನನ್ನ ಕೆಲಸ ಸುಲಭ,” ಎಂದ. ನಮ್ಮ ಮನೆಯಲ್ಲೇ ಸೇರುವುದೆಂದಾಯಿತು. ಪತ್ರಿಕೆಯವರು ಬರುವ ಮುಂಚೆ ಹೆಂಡತಿ ಕೆಟಲ್ ತೊಳೆಯುತ್ತ ಹೇಳಿದಳು:

“ರೀ, ಒಂದು ಗಂಟೆ. ಒಂದೇ ಒಂದು ಗಂಟೆ ಅಮೆರಿಕ ಬೇಡ.”

“ಅವರು ಕೇಳದೆ ನಾನ್ಯಾಕೆ ಹೇಳ್ಲಿ?”

“ಕೇಳಿದ್ರೂ ಬೇಡ.”

ವರದಿಗಾರ್ತಿ ಒಳ್ಳೆಯವಳು. ಫೋಟೋಗ್ರಾಫರ್ ಜೊತೆ, ಶೂ ಬಿಚ್ಚಿ, ಒಳಗೆ ಬಂದಳು, ಚಕ್ಕುಲಿ ತಿಂದು ಮತ್ತೊಂದು ಕೇಳಿದಳು. ನಮಗಾದದ್ದನ್ನು ಕೇಳಿ ನಿಜವಾಗಿಯೂ ಸಿಟ್ಟಾದಳು. ನಮಗಿಂತ ಹೆಚ್ಚು ಸಿಟ್ಟಾದದ್ದು ನನಗೆ ಹಿಡಿಸಲಿಲ್ಲ. ಅವಳ ಸಿಟ್ಟು ನಮ್ಮ ಮನೆಗೆ ಬರುವ ಮುಂಚೆಯೇ ತಯಾರಾಗಿತ್ತು, ನಾವು ಅದರೊಳಗೆ ಕೂರಬೇಕಿತ್ತು ಅಷ್ಟೆ.

“ಗಡಿಗಳನ್ನು ಇಷ್ಟು ಬಿಗಿ ಮಾಡಿದ್ದರ ಫಲ ಇದು ಅನಿಸುವುದಿಲ್ಲವೇ?” ಎಂದಳು.

ಇಲ್ಲ ಎಂದೆ. ನಿಮ್ಮ ದೇಶಕ್ಕೆ ಯಾರು ಬರಬೇಕೆಂದು ತೀರ್ಮಾನಿಸುವ ಹಕ್ಕು ನಿಮಗಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ನಮ್ಮನ್ನು ಕಳಿಸುವುದು ಮೂರ್ಖತನವೆಂದು ನಿಮ್ಮ ವಲಸೆ ಕಚೇರಿಯವರೂ ಫೋನಿನಲ್ಲಿ ಒಪ್ಪುತ್ತಾರೆ, ಆದರೆ ತಡೆಯುವ ಅಧಿಕಾರವಿರುವ ಒಬ್ಬ ಮನುಷ್ಯ ಅಲ್ಲಿಲ್ಲ. ನನ್ನ ತಕರಾರು ಅದು. ಕಾನೂನು ಬಿಗಿಯಾಗಿರಲಿ, ಆದರೆ ಅದನ್ನು ಹಿಡಿದವನಿಗೆ ಒಂದು ಮುಖವಿರಲಿ.

“ಹಾಗಾದರೆ ಬೇರೆಯವರನ್ನು ಗಡೀಪಾರು ಮಾಡಬಹುದು?”

“ಹಕ್ಕಿಲ್ಲದೆ ಬಂದಿದ್ದರೆ, ಮಾಡಬೇಕು.”

“ಅಮೆರಿಕದ ಹೊಸ ಅಧ್ಯಕ್ಷ ಹೇಳುವ ಹಾಗೆ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಇದು ನನಗೆ ಖಚಿತವಾಗಿ ನೆನಪಿದೆ, ಆದ್ದರಿಂದ ಬಹುಶಃ ನಾನೇ ಆಮೇಲೆ ಸೇರಿಸಿದ್ದು.

“ನನಗೆ ಅಲ್ಲಿ ಮತವಿದ್ದಿದ್ದರೆ ಅವರಿಗೇ ಹಾಕುತ್ತಿದ್ದೆ,” ಎಂದೆ.

“ಸ್ವಾರಸ್ಯಕರ,” ಎಂದಳು ವರದಿಗಾರ್ತಿ. ಆ ದೇಶದಲ್ಲಿ ಈ ಮಾತು ಹೇಳಿದರೆ ಬಾಗಿಲು ಮುಚ್ಚಿತು ಎಂದರ್ಥ. ಪೆನ್ನು ನಿಂತಿತು. ಅವಳು ಗೆಳೆಯನ ಕಡೆ ತಿರುಗಿ, ಇಲ್ಲಿ ನಿಮಗೆ ಏನು ಇಷ್ಟ ಎಂದು ಕೇಳಿದಳು.

“ಕಾಡು,” ಎಂದ ಅವನು, ಸ್ವೀಡಿಷಿನಲ್ಲಿ. “ಬ್ಲೂಬೆರಿ ಕೀಳುವುದು.”

ಅವನು ಕಾಡಿಗೆ ಹೋದದ್ದು ಒಂದು ಸಲ. ಉಣ್ಣಿ ಹುಳ ಕಚ್ಚಿತ್ತು. ಅದಾದ ಮೇಲೆ ಸ್ವೀಡನ್ನಿನ ಪ್ರತಿ ಮರಕ್ಕೂ ಬೈಯುತ್ತಿದ್ದ. ಪೆನ್ನು ಮತ್ತೆ ಓಡತೊಡಗಿತು. ನಾನು ಬಾಯಿ ಬಿಡಬಹುದಿತ್ತು. ಕಾರಿನಲ್ಲಿ ಇವನೇನು ಹೇಳಿದ ಗೊತ್ತೇ ಎನ್ನಬಹುದಿತ್ತು. ಅವನು ನನ್ನ ಕಡೆ ನೋಡಲಿಲ್ಲ. ನಾನು ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ವರದಿಯಲ್ಲಿ ನಾನು ಅರ್ಧ ವಾಕ್ಯ ಇದ್ದೆ: ಅವನ ಒಬ್ಬ ಸಹೋದ್ಯೋಗಿಗೂ ಹೀಗೇ ಆಗಿದೆಯಂತೆ. ಹೆಂಡತಿ ಅದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದಳು, ಪಾಠ ಒಪ್ಪಿಸುವ ಹಾಗೆ. ಓದಿ ಮುಗಿಸಿ, “ಅಂತೆ,” ಎಂದಳು.

ಊರು ಅವನ ಪರ ನಿಂತಿತು. ಸಹಿ ಸಂಗ್ರಹವಾಯಿತು. ಕೊಮ್ಯೂನಿನ, ಅಂದರೆ ನಗರಾಡಳಿತದ, ಒಬ್ಬ ರಾಜಕಾರಣಿ ಅವನ ಜೊತೆ ಕಾಫಿ ಕುಡಿದ. ಮುಜುಗರಕ್ಕೆ ಬಿದ್ದ ಕಂಪನಿ ಚಿತ್ರದಲ್ಲಿದ್ದವನ ಪರವಾಗಿ ನ್ಯಾಯಾಲಯಕ್ಕೆ ಉದ್ದದ ಹೇಳಿಕೆ ಕೊಟ್ಟಿತು. ನನಗೂ ಕೊಡಿ ಎಂದು ಹೋದೆ. ವಕೀಲರನ್ನು ಕೇಳಿ ಹೇಳುತ್ತೇವೆ ಎಂದರು; ಇನ್ನೂ ಕೇಳುತ್ತಿದ್ದಾರೆ. ನ್ಯಾಯಾಲಯ ಅವನ ಅರ್ಜಿಯನ್ನು ಮರುಪರಿಶೀಲನೆಗೆ ಕಳಿಸಿತು, ನನ್ನದನ್ನು ತಳ್ಳಿಹಾಕಿತು. ನ್ಯಾಯಾಧೀಶರು ಬೇರೆ, ದಿನ ಬೇರೆ, ತಪ್ಪು ಒಂದೇ.

“ನ್ಯಾಯಾಧೀಶರು ಪತ್ರಿಕೆ ನೋಡಿ ತೀರ್ಪು ಕೊಡುವುದಿಲ್ಲ,” ಎಂದ ವಕೀಲ. ಇರಬಹುದು. ನನ್ನ ಅರ್ಧ ವಾಕ್ಯಕ್ಕೂ ನನ್ನ ತೀರ್ಪಿಗೂ ಸಂಬಂಧವಿದೆ ಎಂದು ಸಾಬೀತು ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ, ಈಗಲೂ ಇಲ್ಲ. ಪೆನ್ನು ನಿಂತದ್ದನ್ನು ಕಂಡಿದ್ದೆ, ಅಷ್ಟೆ.

ಅದನ್ನೇ ಅಂಕಣ ಮಾಡಿದೆ. ಗೆಳೆಯ ಕಾರಿನಲ್ಲಿ ಹೇಳಿದ್ದನ್ನು ಬರೆಯಲಿಲ್ಲ. ಅವನ ಊರು, ಧರ್ಮ ಯಾವುದೂ ಇರಲಿಲ್ಲ. ಒಬ್ಬ ಸಹೋದ್ಯೋಗಿ ಎಂದಿದ್ದೆ. ಅಮೆರಿಕದ ಪತ್ರಿಕೆಗಳ ಬಗ್ಗೆ ವರ್ಷಗಟ್ಟಲೆ ದೂರದಿಂದ ಹೇಳಿದ್ದು ನನ್ನ ಸೋಫಾದ ಮೇಲೆಯೇ ನಡೆಯಿತು ಎಂಬುದು ಅದರ ತಿರುಳು. ನಾನು ಬರೆದವುಗಳಲ್ಲಿ ಅದೇ ಚೆನ್ನಾಗಿತ್ತು.

ಬೆಳಗ್ಗೆ ವೆಬ್‌ಸೈಟಿನಲ್ಲಿ ತಲೆಬರಹ ನೋಡಿದೆ. ಹಿಂದೂ ಎಂಜಿನಿಯರನ್ನು ಸ್ವೀಡನ್ ಓಡಿಸಿತು, ಮುಸ್ಲಿಮನನ್ನು ಇಟ್ಟುಕೊಂಡಿತು ಎಂದಿತ್ತು. ಒಳಗೆ ಎರಡು ಕಡೆ ‘ಸಹೋದ್ಯೋಗಿ’ ಹೋಗಿ ‘ಮುಸ್ಲಿಂ ಸಹೋದ್ಯೋಗಿ’ ಬಂದಿತ್ತು. ಗಡಿಯ ಬಗ್ಗೆ ಇದ್ದದ್ದು ಉಳಿದಿತ್ತು, ಮುಖವಿಲ್ಲದ ಕಚೇರಿಯ ಬಗ್ಗೆ ಇದ್ದದ್ದು ಪೂರ್ತಿ ಹೋಗಿತ್ತು. ಸಂಪಾದಕನಿಗೆ ಫೋನ್ ಮಾಡಿದೆ.

“ಅವನು ಮುಸ್ಲಿಂ ಅಂತ ನಿಮಗೆ ಯಾರು ಹೇಳಿದ್ದು?”

“ಆ ಪೇಪರ್ ಹುಡುಕಿದ್ವಿ ಸಾರ್, ಹೆಸರು ಹಾಕಿದಾರಲ್ಲ. ಸುಳ್ಳೇನಿಲ್ವಲ್ಲ?”

“ನಾನು ಬರೆದದ್ದು ಅದಲ್ಲ.”

“ಸಾರ್, ಸರ್ಕಾರದ ವಿಭಾಗ, ಅಧಿಕಾರ, ಅದೆಲ್ಲ ಯಾರ್ ಓದ್ತಾರೆ? ಬೆಳಗ್ಗೆಯಿಂದ ಎಷ್ಟು ಶೇರ್ ಆಗಿದೆ ನೋಡಿ. ನಿಮ್ಮದು ಯಾವುದೂ ಇಷ್ಟು ಓಡಿಲ್ಲ.”

ಸಂಜೆ ಲೇಖನ ತೆಗೆದರು. ಅಷ್ಟರಲ್ಲಿ ಲಿಂಕೋಪಿಂಗಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಓದಿಯಾಗಿತ್ತು. ಅವನ ಮರುಪರಿಶೀಲನೆ ಇನ್ನೂ ನಡೆಯುತ್ತಿತ್ತು. ಗೆಳೆಯ ಫೋನ್ ಮಾಡಿದ.

“ನೀನು ಬರೆದದ್ದಾ?”

“ಅಲ್ಲ. ಅಲ್ಲಿ ಸೇರಿಸಿದ್ದು.”

“ಹೌದಾ. ಪೇಪರಿನವಳೂ ಹಾಗೇ ಹೇಳಿದ್ಲು. ನಿನ್ನದು ಪೂರ್ತಿ ಬರೆದಿದ್ಲಂತೆ, ಡೆಸ್ಕಿನವರು ತೆಗೆದದ್ದಂತೆ. ನಾನು ಆಗ ನಂಬಲಿಲ್ಲ. ಈಗ ಇಬ್ಬರನ್ನೂ ನಂಬಬೇಕಾ ಬೇಡವಾ, ನೀನೇ ಹೇಳು ಮಾರಾಯ. ನೀನಲ್ವಾ ಮೀಡಿಯಾ ಗೊತ್ತಿರುವವ.”

ನಾನೇನು ಹೇಳಿದೆನೋ. ಏನೋ ಹೇಳಿದೆ.

ಆದರೂ ವಿಮಾನ ನಿಲ್ದಾಣಕ್ಕೆ ಅವನೇ ಬಿಟ್ಟ, ನನ್ನ ಹೆಂಡತಿ ಕೇಳಿಕೊಂಡಿದ್ದಳಂತೆ. ಉದ್ದಕ್ಕೂ ನನ್ನ ಮಗಳ ಜೊತೆ ಸ್ವೀಡಿಷಿನಲ್ಲಿ ಮಾತಾಡಿದ. ನನಗೆ ಅರ್ಧ ಅರ್ಥವಾಗುತ್ತಿತ್ತು. ಅವಳು ನಗುತ್ತಿದ್ದಳು. ಸೂಟ್‌ಕೇಸುಗಳನ್ನು ಇಳಿಸಿ, ಅವಳ ತಲೆ ಸವರಿ, ಹೆಂಡತಿಗೆ “ಬರ್ತೇನೆ ಅಕ್ಕ” ಎಂದು ಕಾರು ಹತ್ತಿದ. ನನ್ನ ಕೈ ಚಾಚಿಕೊಂಡೇ ಇತ್ತು.

ತಪಾಸಣೆಯ ಸಾಲಿನಲ್ಲಿ ಮಗಳು ಅಮ್ಮನನ್ನು ಸ್ವೀಡಿಷಿನಲ್ಲಿ ಕೇಳಿದಳು, ಮತ್ತೆ ದಾಗಿಸ್‌ಗೆ ಯಾವಾಗ ಎಂದು.

“ಅಪ್ಪನ್ನ ಕೇಳು,” ಎಂದಳು ನನ್ನ ಹೆಂಡತಿ ಕನ್ನಡದಲ್ಲಿ, ಬೆಲ್ಟು ಬಿಚ್ಚಿ ಟ್ರೇಗೆ ಹಾಕುತ್ತ. “ಸರ್ಕಾರದ ವಿಷಯ ಎಲ್ಲ ಅವರಿಗೇ ಗೊತ್ತಿರೋದು.”

ಮಗಳು ಕೇಳಿದಳು. ಕಾನೂನು ಬದಲಾದ ಮೇಲೆ ಎಂದೆ. ಸುಳ್ಳು ಹೇಳಲಿಲ್ಲ. ಕೆಲವು ತಿಂಗಳಲ್ಲಿ ಮೇಲಿನ ನ್ಯಾಯಾಲಯವೊಂದು, ಇಂಥ ಸಣ್ಣ ತಪ್ಪುಗಳನ್ನು ಒಟ್ಟಾರೆಯಾಗಿ ನೋಡಬೇಕು ಎಂದಿತು. ಅವನ ಅರ್ಜಿ ಆಗಲೂ ಯಾರದೋ ಮೇಜಿನ ಮೇಲೆ ಬಾಕಿ ಇತ್ತು. ಅವನು ಉಳಿದ. ನಮ್ಮದು ಮುಗಿದ ಪ್ರಕರಣ. ಮುಗಿದವನ್ನು ಮತ್ತೆ ತೆರೆಯುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ.