ಕರೆಂಟಿಗೆ ನೀರು ಹಾಕುವ ಗಂಗುಲಪ್ಪ

ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಕೋಲಾರದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಪಕ್ಕದ ಹೋಟೆಲಿನ ಹಿಂಬಾಗಿಲಲ್ಲಿ ಗಂಗುಲಪ್ಪ ಸೈಕಲ್ ನಿಲ್ಲಿಸಿಕೊಂಡು, ಲೋಟ ತೊಳೆದ ನೀರನ್ನು ಎರಡು ಎಣ್ಣೆ ಡಬ್ಬಗಳಿಗೆ ತುಂಬಿಸಿಕೊಳ್ಳುತ್ತಿದ್ದಾರೆ. ಅಲ್ಲಿಂದ ನೇರ ಹಿಟ್ಟಿನ ಗಿರಣಿಯ ಹಿತ್ತಲಿಗೆ. ಅಲ್ಲೊಂದು ಸಣ್ಣ ಕಲ್ಲುಚಪ್ಪಡಿ ಸರಿಸಿ, ನೆಲದಿಂದ ಗೇಣುದ್ದ ಮೇಲೆದ್ದಿರುವ ಕಬ್ಬಿಣದ ಕೊಳವೆಯೊಳಕ್ಕೆ ಅರ್ಧ ಡಬ್ಬ ನೀರು ಸುರಿಯುತ್ತಾರೆ. ಕೊಳವೆ ಗುಳುಗುಳು ಎಂದು ಕುಡಿಯುತ್ತದೆ. ನಲ್ಲಿಗೆ ಬಂದ ಬೈರಮ್ಮ ಸುಮ್ಮನಿರುವವರಲ್ಲ. "ನಮಗೇ ಕುಡಿಯೋಕೆ ನೀರಿಲ್ಲ, ಇವನು ಕರೆಂಟಿಗೆ ನೀರು ಹಾಕ್ತಾನೆ, ಗಿಡ ಬರುತ್ತೆ ಅಂತ!" ಗಂಗುಲಪ್ಪ ನಗುತ್ತಾ ಸೈಕಲ್ ಹತ್ತುತ್ತಾರೆ. ಇದು ಏಪ್ರಿಲ್ ತಿಂಗಳು, ಬಿಸಿಲು ಏರುವುದರೊಳಗೆ ಇಂಥ ಮೂವತ್ತು ಗುಂಡಿಗಳಿಗೆ ನೀರಾಗಬೇಕು.

ಐವತ್ತೆರಡು ದಾಟಿದ ಗಂಗುಲಪ್ಪ ರಾಯಲ್ಪಾಡಿನವರು. ನಾಲಿಗೆಗೆ ಕನ್ನಡಕ್ಕಿಂತ ತೆಲುಗು ಸಲೀಸು. ಬಾವಿ ತೋಡುವ ಕೆಲಸದಲ್ಲಿದ್ದವರನ್ನು, ಹಳ್ಳಿಗೆ ಕರೆಂಟು ಬಂದ ವರ್ಷ ಕಂಟ್ರಾಕ್ಟರನೊಬ್ಬ ಅರ್ತಿಂಗ್ ಗುಂಡಿ ತೋಡಲು ಕರೆದೊಯ್ದ. ಆಳುದ್ದಕ್ಕಿಂತ ಆಳದ ಗುಂಡಿ, ನಡುವೆ ಕೊಳವೆ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು. ಹಾದಿ ತಪ್ಪಿದ ಕರೆಂಟು ಮನುಷ್ಯನ ಮೈಗೆ ಹೋಗದೆ ಈ ಕೊಳವೆಯ ಮೂಲಕ ನೆಲಕ್ಕಿಳಿಯಬೇಕು, ಹಾಗೆ ಇಳಿದೊಡನೆ ಫ್ಯೂಸು ಹಾರಬೇಕು. ನೆಲ ಒಣಗಿದರೆ ಎರಡೂ ಆಗುವುದಿಲ್ಲ. ಈವರೆಗೆ ಮುನ್ನೂರ ನಲವತ್ತು ಗುಂಡಿ ತೋಡಿದ್ದಾರೆ. ಲೈಸೆನ್ಸು ಇಲ್ಲದ್ದರಿಂದ ಯಾವ ಕಾಗದದಲ್ಲೂ ಅವರ ಹೆಸರಿಲ್ಲ. ಯಲ್ದೂರಿನ ತೋಟವೊಂದರಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರು ಶಾಕ್ ಹೊಡೆದು ಅವರನ್ನು ಎತ್ತಿ ಎಸೆದ ದಿನದಿಂದ ಬಲಗೈಯ ಎರಡು ಬೆರಳು ಮಡಚುವುದಿಲ್ಲ.

ಅರ್ತಿಂಗ್ ಎಂಬುದು ಅವರ ಬಾಯಲ್ಲಿ 'ಅರ್ಥ'. "ಈ ಮನೆಗೆ ಅರ್ಥ ಇಲ್ಲ ಸಾಮಿ" ಎಂದು ಮುಖಕ್ಕೆ ಹೇಳಿ ಎಷ್ಟೋ ಯಜಮಾನರ ಕೋಪಕ್ಕೆ ಗುರಿಯಾಗಿದ್ದಾರೆ. ಯಾರ ಮನೆಗೆ ಹೋದರೂ ಮೊದಲು ಕೇಳುವುದು ಒಂದೇ ಪ್ರಶ್ನೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಬೇಸಿಗೆಯಲ್ಲೂ ಹಸಿಯಾಗಿರುವ ಜಾಗ ಅದೊಂದೇ. ಅಲ್ಲಿ ಗುಂಡಿ ತೋಡಿದರೆ ಮತ್ತೆ ಯಾರೂ ನೀರು ಹೊರಬೇಕಿಲ್ಲ.

ಎರಡು ವರ್ಷದ ಹಿಂದೆ, ಎಂಬತ್ತಾರರಲ್ಲಿ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಕೋದಂಡರಾಮಪ್ಪನವರ ಮನೆಯಲ್ಲೂ ಇದನ್ನೇ ಕೇಳಿದರು. ಮೇಷ್ಟ್ರು ಬೆಂಗಳೂರಿನಿಂದ ಬಿಡಿಭಾಗ ತಂದು, ಟ್ರಂಕು ಮಾಡುವವರಲ್ಲಿ ತಗಡಿನ ಪೆಟ್ಟಿಗೆ ಹೊಡೆಸಿ, ಪುಟ್ಟ ಟೀವಿಯನ್ನೇ ಪರದೆ ಮಾಡಿ, ತಮ್ಮ ಕೈಯಾರೆ ಒಂದು ಕಂಪ್ಯೂಟರ್ ಕಟ್ಟಿದ್ದರು. ಆಯುಧಪೂಜೆಯಲ್ಲಿ ಅದಕ್ಕೆ ಅರಿಶಿನ ಕುಂಕುಮವೂ ಆಗಿತ್ತು. ಪೆಟ್ಟಿಗೆಯಿಂದ ಹೊರಟ ತಂತಿ ಬಚ್ಚಲ ಮೋರಿಗೆ ಹೋಗಬೇಕು ಎಂದು ಗಂಗುಲಪ್ಪ ಹೇಳಿದಾಗ ಮೇಷ್ಟ್ರ ತಾಯಿ ಶ್ಯಾಮಲಮ್ಮ ಸಿಡಿದೆದ್ದರು. "ಸರಸ್ವತಿ ಅಂತ ಪೂಜೆ ಮಾಡಿ, ತಗೊಂಡೋಗಿ ಮೋರಿಗೆ ಕಟ್ತೀಯೇನಪ್ಪಾ? ಬುದ್ಧಿ ಎಲ್ಲಿಟ್ಟಿದೀಯಾ?"

ಗಂಗುಲಪ್ಪ ಮುನಿಸಿಕೊಂಡು ಮನೆಗೆ ಹೋದರು. ಮೇಷ್ಟ್ರು ತಾಯಿಯ ಮನಸ್ಸು ನೋಯಿಸಲಾರದೆ, ಅಂಗಳದ ತುಳಸಿಕಟ್ಟೆಯ ಮಣ್ಣಿಗೆ ಒಂದೂವರೆ ಅಡಿ ಸರಳು ಚುಚ್ಚಿ ತಂತಿಯನ್ನು ಅದಕ್ಕೆ ಕಟ್ಟಿದರು. ಸಿಮೆಂಟಿನ ಕಟ್ಟೆ, ಅದರೊಳಗೆ ಎರಡು ಬುಟ್ಟಿ ಮಣ್ಣು, ನೆಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ. "ಅವತ್ತು ನಾನು ಬಾಗಿಲಲ್ಲೇ ಕೂತು ಜಗಳ ಆಡ್ಬೇಕಿತ್ತು. ಬಂದ್ಬಿಟ್ಟೆ. ತಪ್ಪು ನಂದೇ" ಎನ್ನುವಾಗ ಈಗಲೂ ಗಂಗುಲಪ್ಪನವರ ದನಿ ಇಳಿಯುತ್ತದೆ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಒಂದು ಸುದ್ದಿ ಅವರ ಕಿವಿಗೆ ಬಿತ್ತು. ಶ್ಯಾಮಲಮ್ಮನವರ ತುಳಸಿಕಟ್ಟೆಗೆ ಶಕ್ತಿ ಬಂದಿದೆಯಂತೆ. ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಮುಟ್ಟಿದರೆ ಕೈ ಜುಮ್ ಎನ್ನುತ್ತದಂತೆ. ಮೂರು ದಿನದಿಂದ ತುಳಸಿತಾಯಿ ಹೀಗೆ ಮೈದುಂಬುತ್ತಿದ್ದಾಳೆ, ಇವತ್ತು ಬೀದಿಯ ಹೆಂಗಸರೆಲ್ಲ ನೀರೆರೆಯಲು ಹೋಗುತ್ತಿದ್ದಾರೆ.

ಗಂಗುಲಪ್ಪ ಡಬ್ಬಗಳನ್ನು ಅಲ್ಲೇ ಬೀಳಿಸಿ ಸೈಕಲ್ ತುಳಿದರು. ಪಂಪ್‌ಸೆಟ್ಟುಗಳು ಶುರುವಾಗುವ ಮುಂಚೆ ವೋಲ್ಟೇಜು ಚೆನ್ನಾಗಿರುತ್ತದೆಂದು ಮೇಷ್ಟ್ರು ಕಂಪ್ಯೂಟರ್ ಹಾಕುವುದು ಆ ಹೊತ್ತಿಗೇ ಎಂದೂ, ಅದರ ತಂತಿ ಇರುವುದು ಆ ಕಟ್ಟೆಯಲ್ಲೇ ಎಂದೂ ಅವರಿಗೆ ಗೊತ್ತಿತ್ತು. ಅಂಗಳದಲ್ಲಿ ಐದಾರು ಹೆಂಗಸರು, ಎಲ್ಲರೂ ಒದ್ದೆ, ಎಲ್ಲರ ಕೈಯಲ್ಲೂ ಚೆಂಬು. ಶ್ಯಾಮಲಮ್ಮ ಕಟ್ಟೆಯತ್ತ ಕೈ ಚಾಚಿದ್ದರು. ಗಂಗುಲಪ್ಪ ಯಾರೊಂದಿಗೂ ಮಾತಾಡದೆ ಜಗಲಿಗೆ ಹಾರಿ ಮೀಟರಿನ ಪಕ್ಕದ ಮೇನ್ ಸ್ವಿಚ್ಚನ್ನು ಕೆಳಗೆಳೆದರು.

ಒಳಗಿನಿಂದ ಮೇಷ್ಟ್ರ ಕೂಗು ಬಂತು. "ಯಾರೋ ಅದು? ಎರಡು ಗಂಟೆ ಕೂತು ಟೈಪ್ ಮಾಡಿದ್ದೆಲ್ಲಾ ಹೋಯ್ತಲ್ಲೋ!"

"ಹೋಗ್ಲಿ ಮೇಷ್ಟ್ರೇ. ಅದನ್ನ ಮತ್ತೆ ಮಾಡ್ಬೋದು" ಎಂದರು ಗಂಗುಲಪ್ಪ. ಪೆಟ್ಟಿಗೆಯಲ್ಲಿ ಸೋರಿದ ಕರೆಂಟು ತಂತಿಗುಂಟ ಕಟ್ಟೆಗೆ ಬರುತ್ತಿದೆ ಎಂದು ತಿಳಿದ ಮೇಷ್ಟ್ರು ತಲೆ ಹಿಡಿದುಕೊಂಡು ಜಗಲಿಯ ಮೇಲೇ ಕುಳಿತರು.

ಶ್ಯಾಮಲಮ್ಮ ಮಾತ್ರ ಮಣಿಯಲಿಲ್ಲ. ಬಚ್ಚಲ ಮಾತೆತ್ತಿದರೆ ಹುಷಾರ್ ಎಂದರು. ಆಗ ಗಂಗುಲಪ್ಪ ಅವರೆದುರು ಕುಕ್ಕರಗಾಲಲ್ಲಿ ಕುಳಿತರು. "ಅಮ್ಮಾ, ಸರಸ್ವತಿ ಆ ಪೆಟ್ಟಿಗೇಲೇ ಇರ್ತಾಳೆ. ಈ ತಂತೀಲಿ ಇಳಿಯೋದು ಕರೆಂಟಿನ ಕೊಳೆ. ಅದನ್ನ ತಂದು ತುಳಸಮ್ಮನ ಕಾಲಿಗೆ ಸುರೀತಾ ಇದೀವಲ್ಲ, ನ್ಯಾಯಾನಾ? ಕೊಳೆ ಹೋಗ್ಬೇಕಾದ್ದು ಬಚ್ಚಲಿಗಲ್ವಾ ತಲ್ಲೀ?"

ಶ್ಯಾಮಲಮ್ಮ ಕೈಯಲ್ಲಿದ್ದ ಚೆಂಬನ್ನು ಕೆಳಗಿಟ್ಟರು. ಆಮೇಲೆ, "ಮೊದಲೇ ಹೀಗೆ ಹೇಳೋಕೇನಾಗಿತ್ತು ನಿನಗೆ?" ಎಂದು ಗದರಿ ಒಳಗೆ ಹೋದರು. ಸಂಜೆಯೊಳಗೆ ಮೋರಿಯ ಪಕ್ಕದಲ್ಲಿ ಗುಂಡಿ ಆಯಿತು. ತಂತಿ ಬಿಗಿದು ಸ್ವಿಚ್ಚು ಹಾಕಿದೊಡನೆ ಫ್ಯೂಸು ಠಪ್ಪೆಂದು ಹಾರಿತು. ಮೇಷ್ಟ್ರು ಬೆಚ್ಚಿಬಿದ್ದರು, ಗಂಗುಲಪ್ಪ ಚಪ್ಪಾಳೆ ತಟ್ಟಿದರು. ಪೆಟ್ಟಿಗೆ ಬಿಚ್ಚಿ ನೋಡಿದರೆ, ವೈರು ಒಳಹೋಗುವ ತೂತಿನಲ್ಲಿ ತಗಡಿನ ಅಂಚು ಅದರ ಮೇಲಿನ ರಬ್ಬರನ್ನು ಕೊಯ್ದು ಹಾಕಿತ್ತು. ಈಗ ಅಲ್ಲಿ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ. ಭಾನುವಾರ ಶಾಲೆಯ ಮಕ್ಕಳು ಬಂದು ಆ ಕಂಪ್ಯೂಟರಿನಲ್ಲಿ ಮಗ್ಗಿ ಬರೆಸುತ್ತಾರೆ.

"ನನ್ನ ಕೆಲಸ ಚೆನ್ನಾಗಿದ್ರೆ ಯಾರಿಗೂ ಏನೂ ಆಗಲ್ಲ. ಏನೂ ಆಗ್ಲಿಲ್ಲ ಗಂಗುಲಪ್ಪಾ ಅಂತ ಯಾರು ಬಂದು ಹೇಳ್ತಾರೆ ಸಾಮಿ?" ಎಂದು ಅವರು ಕೇಳುವುದರಲ್ಲಿ ದೂರೇನೂ ಇಲ್ಲ.

ಶ್ಯಾಮಲಮ್ಮನವರಂತೂ ಹೇಳುವುದಿಲ್ಲ. ಅದು ಕರೆಂಟು ಎಂದು ಮಗ ನೂರು ಸಲ ಹೇಳಿದರೂ ಅವರು ನಂಬಿಲ್ಲ. ಗಂಗುಲಪ್ಪ ಬೀದಿಯಲ್ಲಿ ಕಂಡರೆ ಸಾಕು, ಬಾಗಿಲಲ್ಲಿ ನಿಂತು ಕೂಗುತ್ತಾರೆ. "ನೀನು ಕಾಲಿಟ್ಟ ಮೇಲೆ ತಾಯಿ ನನ್ನ ಕೈಗೆ ಬರೋದೇ ಬಿಟ್ಟಳು ಕಣೋ!"

ಬೇಜಾರಾಗುವುದಿಲ್ಲವೇ ಎಂದರೆ ಗಂಗುಲಪ್ಪ ತಲೆಯಾಡಿಸುತ್ತಾರೆ. "ಬೈಲಿ ಬಿಡಿ ಸಾಮಿ. ಬೈಯೋಕೆ ಅಮ್ಮ ಇದಾರಲ್ಲ."