ಒಂದೇ ಅಂಚಿನ ಎರಡು ನಾಣ್ಯಗಳು

ಶಿರ್ತಾಡಿಯಲ್ಲಿರುವ ಅಮ್ಮನ ತವರಿನ ದೈವದ ಭಂಡಾರದಲ್ಲಿ ಐದು ಚಿನ್ನದ ನಾಣ್ಯಗಳಿವೆ. ವೀರರಾಯ ಹಣ ಎಂದು ಕರೆಯುವ, ತೊಗರಿಬೇಳೆಗಿಂತ ತುಸು ಅಗಲವಾದ ಹಳೆಯ ನಾಣ್ಯಗಳು. ಅವುಗಳನ್ನಿಟ್ಟ ಪೆಟ್ಟಿಗೆಯ ಬೀಗದ ಕೈ ದೊಡ್ಡಮ್ಮನ ಬಳಿ ಇತ್ತು. ದೊಡ್ಡಮ್ಮ ಅಮ್ಮನ ಅಕ್ಕ, ಮದುವೆಯಾದವರಲ್ಲ. ಅಜ್ಜಿಯನ್ನು ಕೊನೆಯವರೆಗೆ ನೋಡಿಕೊಂಡವರು ಅವರೇ.

ಮಾವ, ಅಂದರೆ ಅಮ್ಮನ ತಮ್ಮ, ಮಸ್ಕತ್ತಿನ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ನಾಣ್ಯಗಳಿಗೊಂದು ಬೆಳ್ಳಿಯ ಕರಡಿಗೆ ಮಾಡಿಸಬೇಕೆಂದುಕೊಂಡರು. ಅಳತೆಗೆಂದು ಅವನ್ನು ಮೂಡುಬಿದಿರೆಗೆ ಒಯ್ದಾಗ ಅಂಗಡಿಯವರು, ಇದರಲ್ಲಿ ಒಂದು ಈಚಿನದಿರಬೇಕು ಎಂದರಂತೆ. ಮಾವ ನನಗೆ ಫೋನ್ ಮಾಡಿದರು. ವಿಶ್ವವಿದ್ಯಾಲಯದಲ್ಲಿ ನಾನು ಹಳೆಯ ನಾಣ್ಯಗಳ ಬಗ್ಗೆ ಪ್ರಬಂಧ ಬರೆದವಳು. ಮನೆಯವರಿಗೆ ಅಲ್ಲಿಯತನಕ ಅದೊಂದು ತಮಾಷೆಯಾಗಿತ್ತು.

ಅಮ್ಮನೂ ನಾನೂ ಬಂಟ್ವಾಳದಿಂದ ಹೋದೆವು. ಮಾವ ಚಾವಡಿಯ ಮೇಜಿಗೆ ಬಿಳಿ ಬಟ್ಟೆ ಹಾಸಿ ಕಾಯುತ್ತಿದ್ದರು.

"ಬಂದ್ರು, ಹಳೇ ಚಿಲ್ಲರೆಯ ಡಾಕ್ಟ್ರು."

"ಚಹಾ ಆದ್ರೂ ಕುಡೀಲಿ ಮಾರಾಯ," ಎಂದರು ದೊಡ್ಡಮ್ಮ.

"ಚಹಾ ಎಲ್ಲಿಗೂ ಓಡುದಿಲ್ಲ ಅಕ್ಕ. ಓಡಿದ್ದು ಬೇರೆ ಉಂಟು."

ನಾನು ಭೂತಗನ್ನಡಿ ತೆಗೆದೆ.

ಇಂಥ ನಾಣ್ಯಗಳನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಅಚ್ಚು ದೊಡ್ಡದು, ಚಿನ್ನದ ಬಿಲ್ಲೆ ಸಣ್ಣದು. ಹಾಗಾಗಿ ಚಿತ್ರ ಒಂದೊಂದರಲ್ಲಿ ಒಂದೊಂದು ಕಡೆ ತುಂಡಾಗಿರುತ್ತದೆ. ಅಂಚೂ ಒಂದರಂತೆ ಇನ್ನೊಂದು ಇರುವುದಿಲ್ಲ. ಬಟ್ಟೆಯ ಮೇಲಿದ್ದ ಐದು ನಾಣ್ಯಗಳ ಪೈಕಿ ಎರಡರಲ್ಲಿ ಚಿತ್ರದ ಬಾಗಿದ ಗೆರೆ ಒಂದೇ ಜಾಗದಲ್ಲಿ ತುಂಡಾಗಿತ್ತು. ಅಂಚಿನ ಸಣ್ಣ ಸೀಳೂ ಎರಡರಲ್ಲಿ ಒಂದೇ ಕಡೆ. ಆದರೆ ಒಂದರಲ್ಲಿ ಆ ಸೀಳು ಚೂಪಾಗಿತ್ತು, ಇನ್ನೊಂದರಲ್ಲಿ ಮೊಂಡಾಗಿ, ಸುತ್ತಲೂ ಸೂಜಿಮೊನೆಯಷ್ಟು ಗುಳಿಗಳಿದ್ದವು. ಚಿನ್ನ ಕರಗಿಸಿ ಎರಕ ಹೊಯ್ದ ಗುರುತು ಅದು. ಈ ಪೆಟ್ಟಿಗೆಯ ನಾಣ್ಯವನ್ನೇ ಮಾದರಿಯಾಗಿಟ್ಟು ಯಾರೋ ಇದನ್ನು ಮಾಡಿಸಿದ್ದರು. ಬೀಗದ ಕೈ ಇದ್ದದ್ದು ಒಬ್ಬರ ಬಳಿ ಮಾತ್ರ.

ಇನ್ನೊಮ್ಮೆ ನೋಡಬೇಕು ಎಂದು ಹೇಳಿ, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ದೊಡ್ಡಮ್ಮ ಹಿಂದೆಯೇ ಬಂದರು.

"ನಿನಗೆ ಗೊತ್ತಾಯ್ತಲ್ಲ ಮಗಾ?"

ಹೂಂ ಎಂದೆ.

ಜೀವ ಹೋಗುವಾಗ ತುಳಸಿ ನೀರಿನ ಜೊತೆ ಬಾಯಿಗೆ ಚಿನ್ನದ ಚೂರು ಹಾಕುವ ಕ್ರಮ ನಮ್ಮಲ್ಲಿದೆ. ಅಜ್ಜಿಯ ಬಾಯಿಗೆ ಹಾಕಲೆಂದು ದೊಡ್ಡಮ್ಮ ತಮ್ಮ ಮೂಗುಬೊಟ್ಟು ಬಿಚ್ಚಲು ಹೋದರಂತೆ. ಅಜ್ಜಿ ಬೇಡವೆಂದು ತಲೆಯಾಡಿಸಿ ಪೆಟ್ಟಿಗೆಯ ಕಡೆ ಕೈ ತೋರಿಸಿದರಂತೆ.

"ಸಾಯುವವರ ಹತ್ರ ವಾದ ಮಾಡ್ಲಿಕ್ಕೆ ಆಗ್ತದಾ? ತೆಗೆದು ಹಾಕಿದೆ. ಅದು ಅಮ್ಮನ ಜೊತೆಗೇ ಹೋಯ್ತು. ಮತ್ತೆ ದೈವಕ್ಕೆ ಒಂದು ಕಡಿಮೆ ಆಗ್ಬಾರ್ದಲ್ಲ. ನನ್ನ ಕಿವಿಯ ಬೆಂಡೋಲೆ ಕರಗಿಸಿ ಬೆಳ್ತಂಗಡಿಯಲ್ಲಿ ಮಾಡಿಸಿದೆ."

"ಇದನ್ನೇ ಮಾವನಿಗೆ ಹೇಳುವ ದೊಡ್ಡಮ್ಮ."

"ಬೇಡ." ಅವರ ಸ್ವರ ಏರಲಿಲ್ಲ. "ನನ್ನನ್ನು ಕಳ್ಳಿ ಅಂದ್ರೆ ಅದು ನನಗೆ ಮಾತ್ರ. ದೈವದ ಚಿನ್ನ ಚಿತೆಗೆ ಹೋಯ್ತು ಅಂತ ಆದ್ರೆ ಜೋಯಿಸರನ್ನು ಕರೆದು ಪ್ರಶ್ನೆ ಇಡಿಸ್ತಾರೆ. ಮನೆಯಲ್ಲಿ ಯಾರಿಗೆ ಜ್ವರ ಬಂದ್ರೂ ಇನ್ನು ದೋಷ ಅಂತ ಅಮ್ಮನ ಹೆಸರೇ ಹೇಳ್ತಾರೆ. ನೀನು ಯಾರಿಗೂ ಹೇಳುದಿಲ್ಲ, ನಿನ್ನ ಅಮ್ಮನಿಗೂ."

ಆಯ್ತು ಎಂದೆ.

ಐದೂ ಹಳೆಯವೇ ಎಂದು ಹೇಳಿಬಿಡಬಹುದಿತ್ತು. ಆದರೆ ಮಾವ ಅಲ್ಲಿಗೆ ಬಿಡುವವರಲ್ಲ, ಮಂಗಳೂರಿಗೆ ಒಯ್ದು ತೋರಿಸುವವರು. ನನ್ನ ಸುಳ್ಳು ಸಿಕ್ಕಿಬಿದ್ದರೆ ಅದೂ ದೊಡ್ಡಮ್ಮನ ತಲೆಗೇ ಬರುತ್ತಿತ್ತು. ಚಾವಡಿಗೆ ಬಂದು, ನಾಲ್ಕು ಹಳೆಯವು, ಒಂದು ಎರಕ ಹೊಯ್ದದ್ದು, ಚಿನ್ನವೇನೋ ಚಿನ್ನವೇ ಎಂದೆ.

"ಹಾಗಾದ್ರೆ ಹಳೆಯದು ಎಲ್ಲಿ ಹೋಯ್ತು?" ಮಾವ ಕೇಳಿದ್ದು ನನ್ನನ್ನು, ನೋಡಿದ್ದು ಅಕ್ಕನನ್ನು.

"ನಾಣ್ಯ ನೋಡಿ ಅದು ಹೇಳ್ಲಿಕ್ಕೆ ಆಗುದಿಲ್ಲ ಮಾವ."

ದೊಡ್ಡಮ್ಮ ಸೊಂಟದಿಂದ ಬೀಗದ ಕೈ ಬಿಚ್ಚಿ ಬಟ್ಟೆಯ ಮೇಲಿಟ್ಟರು. ಇಡಬೇಡಿ ಎಂದು ಯಾರೂ ಹೇಳಲಿಲ್ಲ. ಮಾವ ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

ಹಿಂದಿರುಗುವ ಬಸ್ಸಿನಲ್ಲಿ ಅಮ್ಮ ತಮಗೇ ಹೇಳಿಕೊಳ್ಳುವಂತೆ, "ಅಕ್ಕನಿಗೆ ಏನಾದ್ರೂ ಬೇಕಿದ್ರೆ ನನ್ನ ಹತ್ರ ಕೇಳ್ಬಹುದಿತ್ತು. ಈ ಬಳೆಯನ್ನೇ ಕೊಡ್ತಿದ್ದೆ," ಎಂದು ಕೈಯಲ್ಲಿದ್ದ ಬಳೆಯನ್ನು ತಿರುಗಿಸತೊಡಗಿದರು.

ಒಂದೇ ವಾಕ್ಯ ಸಾಕಿತ್ತು. ನಾನು ಬಾಯಿ ತೆರೆದೆ. ಅಮ್ಮ ನನ್ನ ಕಡೆ ತಿರುಗಿ ಕಾದರು.

"ಬಿಸಿಲು ಬೀಳ್ತಾ ಉಂಟು, ನೀವು ಈಚೆ ಕೂತ್ಕೊಳ್ಳಿ," ಎಂದೆ.