ತಂಗಿಯ ಮೈಮೇಲೆ ಎದ್ದ ಗುಳ್ಳೆ

ನನ್ನ ರಕ್ತದ ಕ್ಯಾನ್ಸರಿಗೆ, ಮೈಯಲ್ಲಿ ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಕೊಟ್ಟವಳು ನನ್ನ ತಂಗಿ. ಮಂಗಳೂರಿನ ಆಸ್ಪತ್ರೆಯಿಂದ ಹೊಳನಗದ್ದೆಯ ಮನೆಗೆ ಕಳಿಸುವಾಗ ಡಾಕ್ಟರು, "ಹಿಂದೆ ಬಂದುಹೋದ ಯಾವ ರೋಗದ ನೆನಪೂ ನಿಮ್ಮ ಮೈಗೆ ಈಗ ಇಲ್ಲ. ಹುಟ್ಟಿದ ಕೂಸಿಗಿಂತ ಹೆಚ್ಚು ಜೋಪಾನ ಬೇಕು" ಅಂದಿದ್ದರು. ಅಂಗಳದಲ್ಲಿ ಯಾರಾದರೂ ಸೀನಿದರೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕುದಿಸಿ ಆರಿಸಿದ ನೀರು, ಬಿಸಿ ಗಂಜಿ, ಚೆನ್ನಾಗಿ ಬೆಂದ ಪಲ್ಯ, ಇಷ್ಟೇ ನನ್ನ ಊಟ.

ಒಂದು ಭಾನುವಾರ ತಂಗಿ ಮಂಕಿಯಿಂದ ಬಂದಳು. ಕೈ ತೊಳೆದು, ಮಾಸ್ಕ್ ಹಾಕಿಕೊಂಡು, ನನ್ನ ತಲೆಯಲ್ಲಿ ಆಗಷ್ಟೇ ಚಿಗುರುತ್ತಿದ್ದ ಕೂದಲನ್ನು ಸವರುತ್ತ ಬಹಳ ಹೊತ್ತು ಕೂತಿದ್ದಳು. ಮರುದಿನ ಅವಳ ಫೋನ್ ಬಂತು.

"ಅಕ್ಕ, ಹೊಟ್ಟೆ ಮೇಲೆಲ್ಲ ಗುಳ್ಳೆ ಎದ್ದಿದೆ. ಸೀತಾಳ ಸಿಡುಬು ಅಂದ್ರು ಡಾಕ್ಟರು."

ಅವಳು ಸವರಿದ್ದ ತಲೆಯನ್ನು ಮುಟ್ಟಿ ನೋಡಿಕೊಂಡೆ.

"ಜೀವ ಕೊಟ್ಟವಳೂ ನಾನೇ, ತೆಗಿಯೋಳೂ ನಾನೇ ಆದ್ರೆ ಎಂತ ಮಾಡ್ಲಿ ಅಕ್ಕ?" ಅಂದು ಅತ್ತಳು.

ಗಂಡ ಆಸ್ಪತ್ರೆಗೆ ಫೋನ್ ಮಾಡಿದರು. ಇಂಜೆಕ್ಷನ್ ಕೊಡಬೇಕು, ಇವತ್ತೇ ಹೊರಡಿ ಅಂದರಂತೆ. ಹೊನ್ನಾವರದ ಸೇತುವೆ ದಾಟಿದ್ದು ನೆನಪಿಲ್ಲ. ಮೈಯಲ್ಲಿ ಎಲ್ಲಿ ತುರಿಸಿದರೂ ಅಲ್ಲಿಗೇ ಜೀವ ಓಡುತ್ತಿತ್ತು. ಭಟ್ಕಳದಲ್ಲಿ ಕಾರು ನಿಲ್ಲಿಸಿ ಗಂಡ ಕೇಳಿದರು, "ಕಿಟಕಿ ಇಳಿಸ್ಲಾ? ಸೆಕೆ ಆಗ್ತದೆ."

"ಬೇಡ. ಕುತ್ತಿಗೆ ಹಿಂದೆ ಎಂತದೋ ಇದೆ, ನೋಡಿ."

ಬೆರಳಾಡಿಸಿ ನೋಡಿ, "ಎಂತದೂ ಇಲ್ಲ, ಬೆವರು" ಅಂದರು. ಆದರೂ ಫೋನಿನ ಬೆಳಕು ಬಿಟ್ಟು ಇನ್ನೊಮ್ಮೆ ನೋಡಿದರು.

ಇಂಜೆಕ್ಷನ್ ಆಯಿತು, ಮಾತ್ರೆ ಹೆಚ್ಚಾಯಿತು. ಆದರೂ ಕೆಲವು ದಿನ ಕಳೆದ ಮೇಲೆ ಜ್ವರ ಬಂತು, ಬೆನ್ನ ಮೇಲೆ ನಾಲ್ಕಾರು ಗುಳ್ಳೆ ಎದ್ದವು. ಮತ್ತೆ ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಮಲಗಿಸಿ ನರಕ್ಕೆ ಔಷಧಿ ಹರಿಸಿದರು. ಗಾಜಿನಾಚೆ ನಿಂತ ಗಂಡನ ಮುಖ ನೋಡಿ, ಡಾಕ್ಟರು ಇವರಿಗೆ ಏನು ಹೇಳಿರಬಹುದು ಎಂದು ಊಹಿಸುವುದೇ ನನ್ನ ಕೆಲಸವಾಗಿತ್ತು. ಗುಳ್ಳೆ ಹೆಚ್ಚಲಿಲ್ಲ. ನಿಧಾನವಾಗಿ ಒಣಗಿದವು. ಹೊಸ ರಕ್ತ ಸ್ವಲ್ಪ ಸ್ವಲ್ಪವಾಗಿ ಕಾದಾಡಲು ಕಲಿಯುತ್ತಿದೆ ಅಂದರು ಡಾಕ್ಟರು.

ತಂಗಿಗೆ ಗುಣವಾದರೂ ಅವಳು ಬಹಳ ಕಾಲ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಮುಂದೆ, ಮಕ್ಕಳಿಗೆ ಹಾಕುವ ಲಸಿಕೆಗಳನ್ನು ನನಗೆ ಮೊದಲಿನಿಂದ ಹಾಕಿಸಬೇಕಾಯಿತು. ಕುಮಟೆಯ ಆಸ್ಪತ್ರೆಯಲ್ಲಿ ತಾಯಂದಿರ ನಡುವೆ ಕಾದಿದ್ದೆ. "ಕೂಸು ಎಲ್ಲಿ?" ಅಂದಳು ನರ್ಸು. "ನಾನೇ" ಅಂದೆ. ಸುತ್ತಲಿದ್ದವರು ನಕ್ಕರು, ನನಗೂ ನಗು ಬಂತು.

ಜೊತೆಗೆ ಬಂದಿದ್ದ ತಂಗಿ ಬಾಗಿಲಲ್ಲೇ ನಿಂತಿದ್ದಳು. "ಹತ್ರ ಕೂರ್ಲಾ ಅಕ್ಕ?"

"ಕೂರು, ಎಂತ ಆಗ್ತದೆ" ಅಂದೆ. ಅವಳು ಪಕ್ಕದಲ್ಲಿ ಕೂತಾಗ ನನಗೆ ತಿಳಿಯದೆಯೇ ನಾನು ಉಸಿರು ಬಿಗಿಹಿಡಿದಿದ್ದೆ.